ಮೊದಲು ನೋಟ್‌ಬುಕ್, ಆಮೇಲೆ ಡಿಮ್ಯಾಟ್: ಬೆಳೆಯುವ ತಂತ್ರಜ್ಞಾನ ವಲಯವನ್ನು ಗುರುತಿಸುವುದು ಹೇಗೆ?

ಕಳೆದ ತಿಂಗಳು ಪಾಂಡವಪುರ ಕಡೆಯ ಕಬ್ಬು ಬೆಳೆಗಾರರೊಬ್ಬರು ಮನೆಗೆ ಬಂದಿದ್ದರು. ಫೋನ್ ತೆಗೆದು ಡಿಮ್ಯಾಟ್ ಖಾತೆ, ಅಂದರೆ ಷೇರು ಇಟ್ಟುಕೊಳ್ಳುವ ಖಾತೆ, ತೆರೆದು ತಮ್ಮ ಷೇರುಗಳನ್ನು ತೋರಿಸಿದರು. ಒಟ್ಟು ಹನ್ನೊಂದು ಕಂಪನಿ. ಎಲೆಕ್ಟ್ರಿಕ್ ಗಾಡಿ, ಡ್ರೋನ್, ಚಿಪ್, ಸೋಲಾರ್, ಹಸಿರು ಹೈಡ್ರೋಜನ್ ಎಲ್ಲ ಇತ್ತು. ಅದರಲ್ಲಿ ಒಂಬತ್ತು ಕೆಂಪು ಬಣ್ಣದಲ್ಲಿದ್ದವು, ಅಂದರೆ ನಷ್ಟದಲ್ಲಿದ್ದವು. ಒಂದರ ಮೇಲೆ ಬೆರಳಿಟ್ಟು ಕೇಳಿದೆ, "ಈ ಕಂಪನಿ ಏನು ಮಾಡುತ್ತೆ ಗೌಡ್ರೇ?"

"ಬ್ಯಾಟ್ರಿ ಇರ್ಬೇಕು ಸಾ. ಲಿಥಿಯಂ ನಮ್ಮೂರ್ ಪಕ್ದಲ್ಲೇ ಸಿಕ್ಕೈತಲ್ಲ, ಅದ್ಕೇ ತಗಂಡೆ."

ತೆಗೆದು ನೋಡಿದರೆ ಅದು ವಿದ್ಯುತ್ ತಂತಿ ತಯಾರಿಸುವ ಕಂಪನಿ.

ಇಂಥ ಫೋನುಗಳನ್ನು ಮೈಸೂರಿನಲ್ಲೂ ಬೇಕಾದಷ್ಟು ನೋಡಿದ್ದೇನೆ. ಓದಿಕೊಂಡವರು, ಲೆಕ್ಕ ಬಲ್ಲವರು, ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು ಕೂಡ ಇದೇ ಜಾಗದಲ್ಲಿ ಎಡವುತ್ತಾರೆ. ಬುದ್ಧಿ ಕಮ್ಮಿ ಅಂತಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಷೇರು ಕೊಳ್ಳುತ್ತಾರೆ, ಆಮೇಲೆ ಕಂಪನಿ ಯಾವುದು ಅಂತ ನೋಡುತ್ತಾರೆ, ನಷ್ಟ ಆದಮೇಲೆ ಆ ವಲಯದ ಬಗ್ಗೆ ಓದುತ್ತಾರೆ. ಇದನ್ನು ತಿರುಗಿಸಬೇಕು. ಮೊದಲು ವಲಯ, ಆಮೇಲೆ ಅದರಲ್ಲಿ ದುಡ್ಡು ಎಲ್ಲಿ ಉಳಿಯುತ್ತದೆ ಅನ್ನುವುದು, ಆಮೇಲೆ ಕಂಪನಿ, ಆಮೇಲೆ ಬೆಲೆ. ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ.

ಕೆಳಗೆ ಹೆಸರು ಬರುವ ಯಾವ ಕಂಪನಿಯನ್ನೂ ಕೊಳ್ಳಿ ಅಂತಾಗಲಿ, ಮಾರಿ ಅಂತಾಗಲಿ ಹೇಳುತ್ತಿಲ್ಲ. ಎಲ್ಲವೂ ಉದಾಹರಣೆಗೆ ಮಾತ್ರ.

## ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು. ಇದನ್ನು ಬಿಡಬೇಡಿ. ಕೈಯಲ್ಲಿ ಬರೆದದ್ದನ್ನು ಆರು ತಿಂಗಳ ನಂತರ ಓದಿದಾಗ ನಮ್ಮ ತಪ್ಪು ನಮಗೇ ಕಾಣುತ್ತದೆ.

ಇನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ನೋಡಬೇಕಾದ ಜಾಗಗಳು. ಎನ್‌ಎಸ್‌ಇ ಮತ್ತು ಬಿಎಸ್‌ಇ ಷೇರುಪೇಟೆಗಳ ತಾಣಗಳಲ್ಲಿ ಪ್ರತಿ ಕಂಪನಿಯ ವಾರ್ಷಿಕ ವರದಿ, ಮೂರು ತಿಂಗಳಿಗೊಮ್ಮೆ ಬರುವ ಲೆಕ್ಕ, ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವವರ) ಪಾಲು ಎಲ್ಲ ಸಿಗುತ್ತದೆ. ಹೊಸದಾಗಿ ಬರುವ ಐಪಿಒಗಳ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಕರಡು ದಾಖಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ತಾಣದಲ್ಲಿದೆ. ಗಾಡಿಗಳ ನೋಂದಣಿ ಲೆಕ್ಕಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಡ್ಯಾಶ್‌ಬೋರ್ಡ್ ಇದೆ. ಎಲ್ಲವೂ ಪುಕ್ಕಟೆ. ದುಡ್ಡು ಕೊಟ್ಟು ಟಿಪ್ಸ್ ತಗೊಳ್ಳುವ ಅಗತ್ಯ ಎಲ್ಲೂ ಬರುವುದಿಲ್ಲ.

## ಹಂತ 1: ದುಡ್ಡನ್ನು ಬೇರೆ ಮಾಡಿ

ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಲಿ. ಆರೋಗ್ಯ ವಿಮೆ ಇರಲಿ. ಮಗಳ ಫೀಸು, ಮನೆ ಕಟ್ಟುವ ದುಡ್ಡು, ಚೀಟಿ ಎತ್ತಿದ ದುಡ್ಡು, ಒಡವೆ ಅಡ ಇಟ್ಟು ತಂದ ದುಡ್ಡು ಇವು ಯಾವುದೂ ಇಲ್ಲಿಗೆ ಬರಬಾರದು. ಏಳೆಂಟು ವರ್ಷ ಮುಟ್ಟದೆ ಇರಬಹುದಾದ ದುಡ್ಡು ಎಷ್ಟಿದೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಏನೂ ಉಳಿಯಲಿಲ್ಲ ಅಂದರೆ ಓದುವ ಕೆಲಸ ಮಾತ್ರ ಮುಂದುವರಿಸಿ, ಕೊಳ್ಳುವುದು ಬೇಡ.

## ಹಂತ 2: ಸುದ್ದಿ ಬಿಟ್ಟು ಸುಳಿವು ಹುಡುಕಿ

ಟಿವಿಯಲ್ಲಿ ಬರುವ ಹೊತ್ತಿಗೆ ಅದು ಎಲ್ಲರಿಗೂ ಗೊತ್ತಾಗಿರುತ್ತದೆ. ಅದಕ್ಕಿಂತ ಮುಂಚೆ ಕಾಣುವ ಸುಳಿವುಗಳು ಬೇರೆ ಇವೆ.

ಎಲ್ಲಕ್ಕಿಂತ ಗಟ್ಟಿ ಸುಳಿವು ಅಂದರೆ ತಯಾರಿಕೆಯ ವೆಚ್ಚ ವರ್ಷವರ್ಷವೂ ಇಳಿಯುವುದು. ಲಿಥಿಯಂ ಬ್ಯಾಟರಿ 2010ರಲ್ಲಿ ಒಂದು ಕಿಲೋವ್ಯಾಟ್ ಗಂಟೆಗೆ (ಒಂದು ಯೂನಿಟ್ ವಿದ್ಯುತ್ ಹಿಡಿದಿಡುವಷ್ಟಕ್ಕೆ) 1,000 ಡಾಲರಿಗಿಂತ ಜಾಸ್ತಿ ಇತ್ತು. 2024ರ ಹೊತ್ತಿಗೆ ಸುಮಾರು 115 ಡಾಲರಿಗೆ ಬಂತು. ಇದು ಒಂದು ದಿನ ಪೇಪರಿನಲ್ಲಿ ಬಂದು ಹೋದ ಸುದ್ದಿಯಲ್ಲ, ಹದಿನಾಲ್ಕು ವರ್ಷ ನಡೆದ ಇಳಿಕೆ. ಹೀಗೆ ಇಳಿಯುತ್ತಿರುವ ವಸ್ತು ಒಂದಲ್ಲ ಒಂದು ದಿನ ಹಳೆಯದನ್ನು ಪಕ್ಕಕ್ಕೆ ತಳ್ಳುತ್ತದೆ. ಬೆಲೆ ಇಳಿಯದೆ ಬರೀ ಹೆಸರು ಮಾತ್ರ ದೊಡ್ಡದಾಗುತ್ತಿದ್ದರೆ ಇನ್ನೂ ಕಾಯಿರಿ.

ಎರಡನೆಯದು, ಜನ ನಿಜವಾಗಿ ಬಳಸುತ್ತಿದ್ದಾರಾ ಅನ್ನುವುದು. ವಾಹನ್ ಡ್ಯಾಶ್‌ಬೋರ್ಡ್ ತೆರೆದು ಕರ್ನಾಟಕ ಆಯ್ಕೆ ಮಾಡಿ. ಆಮೇಲೆ ಆರ್‌ಟಿಒ ಆಯ್ಕೆ ಮಾಡಿ. ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ. ಇಂಧನದ ಪ್ರಕಾರ ವಿಂಗಡಿಸಿದರೆ ಯಾವ ತಿಂಗಳು ಎಷ್ಟು ಎಲೆಕ್ಟ್ರಿಕ್ ಗಾಡಿ ನೋಂದಣಿ ಆಗಿದೆ ಅಂತ ಸಂಖ್ಯೆಯೇ ಸಿಗುತ್ತದೆ. ತಿಂಗಳಿಗೊಮ್ಮೆ ಮೂರು ಸಂಖ್ಯೆ ಬರೆದುಕೊಳ್ಳಿ. ಒಂದು ವರ್ಷ ಬರೆದವರಿಗೆ ಯಾರೂ ಭಾಷಣ ಮಾಡಿ ನಂಬಿಸಬೇಕಾಗಿಲ್ಲ.

ಮೂರನೆಯದು, ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆ ಅನ್ನುವುದು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮಂಡ್ಯದ ತೂಬಿನಕೆರೆ ಕೈಗಾರಿಕಾ ಪ್ರದೇಶಗಳ ಗೇಟಿನ ಮುಂದೆ ಅಂಟಿಸುವ ಜಾಹೀರಾತು ಓದಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುವ ಹುಡುಗರಿದ್ದರೆ ಕ್ಯಾಂಪಸ್ಸಿಗೆ ಯಾವ ಕಂಪನಿ ಬಂತು, ಏನು ಪ್ರಶ್ನೆ ಕೇಳಿದರು ಅಂತ ವಿಚಾರಿಸಿ. ಜಾಹೀರಾತಿಗೆ ಖರ್ಚು ಮಾಡುವುದು ಸುಲಭ, ಐನೂರು ಜನಕ್ಕೆ ಪ್ರತಿ ತಿಂಗಳು ಸಂಬಳ ಕೊಡುವುದು ಸುಲಭವಲ್ಲ. ಕಂಪನಿ ಯಾವ ಕೆಲಸಕ್ಕೆ ಸಂಬಳ ಕೊಡಲು ತಯಾರಾಗಿದೆಯೋ ಅದನ್ನು ತಾನೇ ನಂಬಿದೆ ಅಂತ ಅರ್ಥ.

ಸರ್ಕಾರದ ಯೋಜನೆಯೂ ಒಂದು ಸುಳಿವೇ. ಚಿಪ್ ತಯಾರಿಕೆಗೆ 2021ರ ಡಿಸೆಂಬರಿನಲ್ಲಿ 76,000 ಕೋಟಿ, ಹಸಿರು ಹೈಡ್ರೋಜನ್‌ಗೆ 2023ರ ಜನವರಿಯಲ್ಲಿ 19,744 ಕೋಟಿ, ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಸುಮಾರು 6,000 ಕೋಟಿ ಘೋಷಣೆ ಆಯಿತು. ಆದರೆ ಘೋಷಣೆಯ ದಿನ ಷೇರು ಕೊಳ್ಳಲು ಓಡಬೇಡಿ. ಘೋಷಣೆಗೂ ಕಾರ್ಖಾನೆಯಿಂದ ಸಾಮಾನು ಹೊರಬರುವುದಕ್ಕೂ ಮಧ್ಯೆ ವರ್ಷಗಳೇ ಇರುತ್ತವೆ. ನಿಮ್ಮ ಹತ್ತಿರ ಸಮಯ ಇದೆ.

## ಹಂತ 3: ಸುದ್ದಿಯನ್ನು ಅಳತೆಗೆ ಹಾಕಿ

ಗೌಡರ ಲಿಥಿಯಂ ವಿಷಯಕ್ಕೆ ಬರೋಣ. 2020ರಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲದ ಹತ್ತಿರ 14,100 ಟನ್ ಲಿಥಿಯಂ ಇದೆ ಅನ್ನುವ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಮುಂದಿನ ವರ್ಷ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಸಂಖ್ಯೆ 1,600 ಟನ್. ಅದೂ ಮೇಲ್ಮೈಯಲ್ಲಿ ಮತ್ತು ಸ್ವಲ್ಪ ಆಳದಲ್ಲಿ ಮಾತ್ರ ಪರೀಕ್ಷಿಸಿ ಅಂದಾಜು ಮಾಡಿದ್ದು.

ಈಗ ಅಳತೆಗೆ ಹಾಕಿ. ಆ ಹೊತ್ತಿಗೆ ಇಡೀ ಜಗತ್ತು ವರ್ಷಕ್ಕೆ ಸುಮಾರು 1 ಲಕ್ಷ ಟನ್ ಲಿಥಿಯಂ ತೆಗೆಯುತ್ತಿತ್ತು. 1,600 ಟನ್ ಅಂದರೆ ಜಗತ್ತಿನ ಆರು ದಿನದ ಲೆಕ್ಕ. ಅದನ್ನು ಬಂಡೆಯಿಂದ ಬಿಡಿಸಿ ತೆಗೆಯುವ ಖರ್ಚು ಬೇರೆ. ಇಷ್ಟೇ ಲೆಕ್ಕ ಹಾಕಿದ್ದರೂ ಗೌಡರು ಆ ಷೇರು ಮುಟ್ಟುತ್ತಿರಲಿಲ್ಲ ಅಲ್ವಾ?

ಯಾವ ಸುದ್ದಿ ಬಂದರೂ ಮೂರು ಪ್ರಶ್ನೆ ಬರೆಯಿರಿ. ಈ ಸಂಖ್ಯೆಯನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಇದು ಆಗಿದ್ದಾ, ಆಗಬಹುದಾದದ್ದಾ? ಇದರಿಂದ ಯಾವ ಕಂಪನಿಯ ಯಾವ ವರ್ಷದ ಲೆಕ್ಕದಲ್ಲಿ ದುಡ್ಡು ಬರುತ್ತದೆ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ಪುಟ ಮುಚ್ಚಿ.

"ಒಪ್ಪಂದಕ್ಕೆ ಸಹಿ" ಅನ್ನುವ ಸುದ್ದಿಗೂ ಇದೇ ಅಳತೆ. ಸಹಿ ಹಾಕಿದ ಒಪ್ಪಂದ ಬೇರೆ, ಕೈಗೆ ಬಂದ ಆರ್ಡರ್ ಬೇರೆ, ಬ್ಯಾಂಕಿಗೆ ಬಂದ ದುಡ್ಡು ಬೇರೆ.

## ಹಂತ 4: ಸಬ್ಸಿಡಿ ತೆಗೆದು ನೋಡಿ

ಈ ಹಂತವನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಇಲ್ಲೇ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

2023ರ ಜೂನ್ 1ರಿಂದ ಎಲೆಕ್ಟ್ರಿಕ್ ಸ್ಕೂಟರ್ ಮೇಲಿನ ಕೇಂದ್ರದ ಸಬ್ಸಿಡಿ ಇಳಿಯಿತು. ಮೊದಲು ಗಾಡಿ ಬೆಲೆಯ 40%ವರೆಗೆ ಸಿಗುತ್ತಿದ್ದದ್ದು 15%ಗೆ ಬಂತು. ಮೇ ತಿಂಗಳಲ್ಲಿ ದೇಶದಲ್ಲಿ 1 ಲಕ್ಷ ದಾಟಿದ್ದ ನೋಂದಣಿ ಜೂನ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಮೇಲೆ ಕ್ರಮೇಣ ಚೇತರಿಸಿಕೊಂಡಿತು. ಇದರಲ್ಲಿ ಎರಡು ವಿಷಯ ಇವೆ. ಬೇಡಿಕೆಯಲ್ಲಿ ಒಂದು ಭಾಗ ಸಬ್ಸಿಡಿಯದ್ದೇ ಆಗಿತ್ತು. ಇನ್ನೊಂದು ಭಾಗ ಜನರದ್ದೇ, ಅದು ವಾಪಸ್ ಬಂತು. ಇಂಥ ಪರೀಕ್ಷೆ ದಾಟಿದ ವಲಯವನ್ನು ನಾನು ಹೆಚ್ಚು ನಂಬುತ್ತೇನೆ.

ಮಂಡ್ಯದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಥೆನಾಲ್. ಪೆಟ್ರೋಲಿಗೆ 20% ಎಥೆನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಎಳೆದು ತಂದಾಗ ಸಕ್ಕರೆ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟಲು ಸಾಲ ಮಾಡಿದವು. ಷೇರುಗಳು ಏರಿದವು. 2023ರಲ್ಲಿ ಮಳೆ ಕೈಕೊಟ್ಟಿತು. ಸಕ್ಕರೆ ಕಮ್ಮಿಯಾಗಬಹುದು ಅಂತ ಸರ್ಕಾರ ಆ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ನಿಲ್ಲಿಸಿತು. ಸಕ್ಕರೆ ಷೇರುಗಳು ಕುಸಿದವು. ಒಂದು ವಾರ ಕಳೆದ ಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು. ಬೇಡಿಕೆ ಇತ್ತು, ತಂತ್ರಜ್ಞಾನ ಇತ್ತು, ಕಾರ್ಖಾನೆಯೂ ಇತ್ತು. ಒಂದು ಆದೇಶದಿಂದ ಲೆಕ್ಕವೆಲ್ಲ ಬದಲಾಯಿತು. ಕಬ್ಬಿನ ಬಿಲ್ಲಿಗೆ ಕಾದು ಕೂತ ಅನುಭವ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೀಗಿರಲಿ: "ನಾಳೆ ಬೆಳಿಗ್ಗೆ ಸಬ್ಸಿಡಿ ನಿಂತರೆ ಈ ವಸ್ತುವನ್ನು ಯಾರು, ಯಾಕೆ ಕೊಳ್ಳುತ್ತಾರೆ?" ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ವಿಷಯದಲ್ಲಿ ಈ ಪ್ರಶ್ನೆಯನ್ನು ಡ್ರೋನ್ ಬಾಡಿಗೆಗೆ ತಗೊಂಡ ರೈತರನ್ನೇ ಕೇಳಿ. ಎಕರೆಗೆ ಎಷ್ಟು ಕೊಟ್ಟರು, ಕೂಲಿಯವರಿಗೆ ಕೊಡುತ್ತಿದ್ದದ್ದು ಎಷ್ಟು, ಮುಂದಿನ ಬೆಳೆಗೂ ಕರೆಸುತ್ತಾರಾ? ಅವರ ಉತ್ತರ ಯಾವ ವರದಿಗಿಂತಲೂ ಚೆನ್ನಾಗಿರುತ್ತದೆ.

## ಹಂತ 5: ದುಡ್ಡು ಎಲ್ಲಿ ಉಳಿಯುತ್ತದೆ ನೋಡಿ

ವಲಯ ಬೆಳೆದರೆ ಅದರಲ್ಲಿರುವ ಕಂಪನಿಗಳೆಲ್ಲ ಬೆಳೆಯುತ್ತವೆ ಅನ್ನುವುದು ದೊಡ್ಡ ತಪ್ಪು ಕಲ್ಪನೆ.

ಸೋಲಾರ್ ನೋಡಿ. 2010ರಿಂದ ಹತ್ತು ವರ್ಷದಲ್ಲಿ ಫಲಕದ ಬೆಲೆ ಸುಮಾರು 90% ಇಳಿಯಿತು. ಜಗತ್ತಿಗೆಲ್ಲ ಲಾಭ ಆಯಿತು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂತು. ಆದರೆ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಫಲಕ ಮಾಡುತ್ತಿದ್ದ ಚೀನಾದ ಸನ್‌ಟೆಕ್ 2013ರಲ್ಲಿ ಸಾಲ ತೀರಿಸಲಾಗದೆ ಬಿತ್ತು. ಜರ್ಮನಿಯ ಕ್ಯೂ-ಸೆಲ್ಸ್ ಅದಕ್ಕೂ ಒಂದು ವರ್ಷ ಮುಂಚೆ ದಿವಾಳಿಯಾಗಿತ್ತು. ಎಲ್ಲರೂ ಒಂದೇ ತರಹದ ವಸ್ತು ಮಾಡಿದರೆ ಬೆಲೆ ಇಳಿಕೆಯ ಲಾಭ ಕೊಳ್ಳುವವನಿಗೆ ಹೋಗುತ್ತದೆ, ಮಾಡುವವನಿಗಲ್ಲ.

ಯುಪಿಐ ಕೂಡ ಹಾಗೇ. 2016ರಲ್ಲಿ ಶುರುವಾಗಿದ್ದು 2023ರ ಆಗಸ್ಟ್ ಹೊತ್ತಿಗೆ ಒಂದೇ ತಿಂಗಳಲ್ಲಿ 1,000 ಕೋಟಿ ವಹಿವಾಟು ದಾಟಿತು. ದೇವರಾಜ ಮಾರುಕಟ್ಟೆಯ ಹೂವಿನವರ ಹತ್ತಿರವೂ ಕ್ಯೂಆರ್ ಹಲಗೆ ಇದೆ. ಆದರೆ 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತಗೊಳ್ಳುವಂತಿಲ್ಲ. ಬಳಕೆ ಬೆಟ್ಟದಷ್ಟು, ಅದರಿಂದ ನೇರವಾಗಿ ಬರುವ ಆದಾಯ ಚಿಟಿಕೆಯಷ್ಟು. ಬಳಕೆಯೇ ಬೇರೆ, ಗಳಿಕೆಯೇ ಬೇರೆ.

ಹಾಗಾದರೆ ಏನು ಮಾಡಬೇಕು? ಒಂದು ಪುಟದಲ್ಲಿ ಆಲೆಮನೆಯನ್ನು ನೆನೆಸಿಕೊಂಡು ಸರಪಳಿ ಬರೆಯಿರಿ. ಬೆಲ್ಲಕ್ಕೆ ರೇಟು ಬಂದಾಗ ಕಬ್ಬು ಬೆಳೆದವರು, ಗಾಣ ಮಾಡಿಕೊಟ್ಟವರು, ಆಲೆಮನೆ ನಡೆಸುವವರು, ಮಂಡ್ಯದ ಮಂಡಿಯವರು, ಲಾರಿಯವರು ಇವರೆಲ್ಲರಿಗೂ ಒಂದೇ ಸಮ ಸಿಗುವುದಿಲ್ಲ. ಬೆಲ್ಲದ ರೇಟು ಏರಲಿ ಇಳಿಯಲಿ, ಗಾಣ ರಿಪೇರಿ ಮಾಡುವವನಿಗೆ ಕೂಲಿ ತಪ್ಪದು. ಎಲೆಕ್ಟ್ರಿಕ್ ಗಾಡಿಗೂ ಹೀಗೇ ಬರೆಯಿರಿ: ಗಣಿ, ಸೆಲ್, ಬ್ಯಾಟರಿ ಪ್ಯಾಕ್, ಮೋಟರ್, ಸರ್ಕ್ಯೂಟ್ ಬೋರ್ಡ್, ಗಾಡಿ, ಚಾರ್ಜಿಂಗ್, ಸಾಲ ಕೊಡುವವರು. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಿರಿ. ಇದನ್ನು ಮಾಡುವವರು ಎಷ್ಟು ಜನ? ಕೊಳ್ಳುವವನು ಬೇರೆಯವರ ಹತ್ತಿರ ಹೋಗಲು ಎಷ್ಟು ಕಷ್ಟ? ಮಾಡುವವರು ಕಮ್ಮಿ, ಬದಲಾಯಿಸುವುದು ಕಷ್ಟ ಅನ್ನುವ ಜಾಗಕ್ಕೆ ಗೆರೆ ಎಳೆಯಿರಿ.

ಸರಪಳಿ ಬರೆಯುವಾಗ ಇನ್ನೊಂದು ವಿಷಯ ಗೊತ್ತಾಗುತ್ತದೆ. ಪಕ್ಕದಲ್ಲೇ ಇರುವ ಕಾರ್ಖಾನೆಯ ಷೇರು ನಮಗೆ ಸಿಗಲೇಬೇಕು ಅಂತಿಲ್ಲ. ನಂಜನಗೂಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್ ಆಸ್ಟ್ರಿಯಾದ ಕಂಪನಿ, ಅದರ ಷೇರು ವಿಯೆನ್ನಾದಲ್ಲಿ ವಹಿವಾಟಾಗುತ್ತದೆ. ಎಲೆಕ್ಟ್ರಾನಿಕ್ಸ್ ಜೋಡಿಸುವ ಕೇನ್ಸ್ ಟೆಕ್ನಾಲಜಿಯ ಕೇಂದ್ರ ಮೈಸೂರಿನಲ್ಲೇ ಇದೆ, ಅದು 2022ರ ನವೆಂಬರಿನಲ್ಲಿ ನಮ್ಮ ಷೇರುಪೇಟೆಗೆ ಬಂತು. ಊರಿನ ಕಂಪನಿ ಅನ್ನುವ ಅಭಿಮಾನ ಇರಲಿ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ.

## ಹಂತ 6: ಕಂಪನಿಯ ಕಾಗದ ಓದಿ

ಮುನ್ನೂರು ಪುಟದ ವರದಿ ನೋಡಿ ಹೆದರಬೇಡಿ. ಮೊದಲ ದಿನ ನಾಲ್ಕೇ ಜಾಗ ನೋಡಿ.

ಮೊದಲು ನಗದು ಹರಿವಿನ ಪಟ್ಟಿ. ಲಾಭ ಅಂತ ತೋರಿಸಿದ್ದರ ಪಕ್ಕದಲ್ಲಿ ವ್ಯವಹಾರದಿಂದ ಬಂದ ನಗದನ್ನು ಇಟ್ಟು ಐದು ವರ್ಷದ ಸಂಖ್ಯೆ ಬರೆಯಿರಿ. ಲಾಭ ಏರುತ್ತಲೇ ಇದೆ, ನಗದು ಮಾತ್ರ ಬರುತ್ತಿಲ್ಲ ಅಂದರೆ ಮಾರಿದ ಸಾಮಾನಿನ ದುಡ್ಡು ಬಾಕಿ ಉಳಿದಿದೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ದಪ್ಪ ಆದಂತೆ ಅದು. ಒಂದು ವರ್ಷ ಹೀಗಾದರೆ ಕಾರಣ ಇರಬಹುದು, ಮೂರು ವರ್ಷ ಆದರೆ ಬಿಟ್ಟುಬಿಡಿ.

ಆಮೇಲೆ ಗ್ರಾಹಕರು. ಅರ್ಧ ವ್ಯಾಪಾರ ಒಬ್ಬನೇ ಗಿರಾಕಿಯಿಂದ ಬರುತ್ತಿದ್ದರೆ ಆ ಗಿರಾಕಿ ಕೈಬಿಟ್ಟ ದಿನ ಕತೆ ಮುಗಿಯಿತು. ಮೂರನೆಯದು ಪ್ರವರ್ತಕರ ಪಾಲು ಮತ್ತು ಅವರು ಅಡ ಇಟ್ಟಿರುವ ಷೇರು. ಪ್ರತಿ ಮೂರು ತಿಂಗಳಿಗೆ ಇದರ ಹೊಸ ಲೆಕ್ಕ ಬರುತ್ತದೆ, ನೋಡುತ್ತಿರಿ. ನಾಲ್ಕನೆಯದು ಲೆಕ್ಕಪರಿಶೋಧಕರ ಟಿಪ್ಪಣಿ. ಅವರು ಅವಧಿಯ ಮಧ್ಯದಲ್ಲಿ ರಾಜೀನಾಮೆ ಕೊಟ್ಟಿದ್ದರೆ ಬೇರೆ ಕಾರಣ ಹುಡುಕುತ್ತಾ ಕೂರಬೇಡಿ, ಹೊರಬನ್ನಿ.

ಐಪಿಒ ಆದರೆ ಕರಡು ದಾಖಲೆಯಲ್ಲಿ ದುಡ್ಡು ಯಾವುದಕ್ಕೆ ಅನ್ನುವ ಭಾಗವನ್ನು ಮೊದಲು ಓದಿ. ಹೊಸ ಷೇರು ಕೊಟ್ಟು ಎತ್ತಿದ ದುಡ್ಡು ಕಂಪನಿಗೆ ಹೋಗುತ್ತದೆ. ಆಫರ್ ಫಾರ್ ಸೇಲ್ ಅಂತಿದ್ದರೆ ಹಳೇ ಪಾಲುದಾರರ ಜೇಬಿಗೆ ಹೋಗುತ್ತದೆ. ಹೊಸ ತಂತ್ರಜ್ಞಾನ ಕಟ್ಟುತ್ತೇವೆ ಅನ್ನುವವರು ಬಹುಪಾಲು ಆಫರ್ ಫಾರ್ ಸೇಲ್ ಇಟ್ಟಿದ್ದರೆ ಯಾಕೆ ಅಂತ ಕೇಳಿಕೊಳ್ಳಿ.

## ಹಂತ 7: ಬೆಲೆ

ಒಳ್ಳೆಯ ವಲಯ, ಒಳ್ಳೆಯ ಕಂಪನಿ, ಆದರೂ ತಪ್ಪು ಬೆಲೆ ಅಂದರೆ ನಷ್ಟವೇ. ಇಂಟರ್ನೆಟ್ ಜಗತ್ತನ್ನು ಬದಲಾಯಿಸುತ್ತದೆ ಅಂತ 2000ದಲ್ಲಿ ಹೇಳಿದವರ ಮಾತು ನಿಜವೇ ಆಯಿತು. ಆದರೆ ಆ ಮಾರ್ಚ್‌ನಲ್ಲಿ 5,048ಕ್ಕೆ ಹೋಗಿದ್ದ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2002ರ ಅಕ್ಟೋಬರಿನಲ್ಲಿ 1,114ಕ್ಕೆ ಬಿತ್ತು. ಮತ್ತೆ ಹಳೇ ಮಟ್ಟ ದಾಟಿದ್ದು 2015ರಲ್ಲಿ. ತುದಿಯಲ್ಲಿ ಕೊಂಡವರು ಅಸಲಿಗೇ ಹದಿನೈದು ವರ್ಷ ಕಾದರು.

ನಾನೂ 2008ರ ಜನವರಿಯಲ್ಲಿ ಇದೇ ತಪ್ಪು ಮಾಡಿದ್ದೆ. ವಿದ್ಯುತ್ತು, ರಸ್ತೆ, ಸೇತುವೆ ಇವೇ ದೇಶದ ಭವಿಷ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಆ ವಲಯದ ಒಂದು ಫಂಡಿಗೆ ಒಂದೇ ಕಂತಿನಲ್ಲಿ ದುಡ್ಡು ಹಾಕಿದೆ. ಸೆನ್ಸೆಕ್ಸ್ ಆಗ 21,000ದ ಹತ್ತಿರ ಇತ್ತು. ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಬಂದಾಗ ಪಾಸ್‌ಬುಕ್ ಹಿಡಿದು ಸರಸ್ವತಿಪುರಂ ಮನೆಯ ಜಗಲಿ ಮೇಲೆ ಕೂತಿದ್ದು ಇನ್ನೂ ನೆನಪಿದೆ. ರಸ್ತೆ, ಸೇತುವೆ ಬಂದವು. ನನ್ನ ದುಡ್ಡು ಮಾತ್ರ ಬೆಳೆಯಲಿಲ್ಲ.

ಬೆಲೆ ಜಾಸ್ತಿ ಆಗಿದೆಯಾ ಅಂತ ತಿಳಿಯಲು ಸುಲಭದ ಲೆಕ್ಕ ಇದೆ. ಕಂಪನಿಯ ಒಟ್ಟು ಮಾರುಕಟ್ಟೆ ಬೆಲೆಯನ್ನು ಅದರ ವರ್ಷದ ಲಾಭದಿಂದ ಭಾಗಿಸಿ. 100 ಬಂದರೆ, ಈಗಿನ ಲಾಭದಲ್ಲಿ ಹಾಕಿದ ದುಡ್ಡು ಹುಟ್ಟಲು ನೂರು ವರ್ಷ ಬೇಕು. ಲಾಭ ಎಷ್ಟು ಪಟ್ಟು, ಎಷ್ಟು ವರ್ಷದಲ್ಲಿ ಏರಬೇಕು ಅಂತ ಬರೆದು ನೋಡಿ. ಬರೆದದ್ದನ್ನು ನೀವೇ ನಂಬದಿದ್ದರೆ ಕೊಳ್ಳಬೇಡಿ, ಹೆಸರನ್ನು ಮಾತ್ರ ಕಾಯುವ ಪಟ್ಟಿಗೆ ಹಾಕಿ.

## ಹಂತ 8: ಕೊಳ್ಳುವುದು, ಇಟ್ಟುಕೊಳ್ಳುವುದು

ನಿಮ್ಮ ಒಟ್ಟು ಹೂಡಿಕೆಯಲ್ಲಿ ಹೊಸ ತಂತ್ರಜ್ಞಾನಕ್ಕೆ 10-15% ಸಾಕು ಅನ್ನುವುದು ನನ್ನ ಅಭಿಪ್ರಾಯ. ಉಳಿದದ್ದು ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೆಲ್ಲ ದುಡ್ಡು ಹಾಕುವ ಫಂಡ್), ಎಫ್‌ಡಿ, ಪಿಪಿಎಫ್ ತರಹದ ಜಾಗದಲ್ಲಿರಲಿ. ಕೊಳ್ಳುವಾಗ ಒಂದೇ ದಿನ ಸುರಿಯಬೇಡಿ. ನಾಟಿ ಮಾಡಿದ ಗದ್ದೆಗೆ ಎಲ್ಲ ಗೊಬ್ಬರವನ್ನೂ ಒಂದೇ ದಿನ ಹಾಕುತ್ತೀರಾ? ಹತ್ತು-ಹನ್ನೆರಡು ಕಂತು ಮಾಡಿ.

ಕಂಪನಿ ಆರಿಸಲು ಪುರುಸೊತ್ತಿಲ್ಲದವರಿಗೆ ವಲಯದ ಮ್ಯೂಚುವಲ್ ಫಂಡ್ ಇದೆ. ಆದರೆ ಅದರ ನಿಯಮ ತಿಳಿದಿರಲಿ. 80% ದುಡ್ಡನ್ನು ಅದೇ ವಲಯದಲ್ಲಿ ಇಡಲೇಬೇಕು, ಬಿದ್ದಾಗಲೂ ಕೂಡ. ಒಂದೇ ವಲಯದ ಹೆಸರಿನಲ್ಲಿ ಸಾಲುಸಾಲಾಗಿ ಹೊಸ ಫಂಡ್ ಬರುತ್ತಿದ್ದರೆ ಆ ವಲಯ ಆಗಲೇ ದುಬಾರಿಯಾಗಿದೆ ಅಂತ ಲೆಕ್ಕ.

ಕೊಂಡ ದಿನವೇ "ಇದನ್ನು ಯಾಕೆ ತಗೊಂಡೆ, ಏನಾದರೆ ಮಾರುತ್ತೇನೆ" ಅಂತ ನಾಲ್ಕು ಸಾಲು ಬರೆಯಿರಿ. ಬೆಲೆ 30% ಬಿದ್ದಿದೆ ಅನ್ನುವುದು ಮಾರಲು ಕಾರಣವಲ್ಲ. ನೀವು ಬರೆದ ಕಾರಣ ಸುಳ್ಳಾಗಿದ್ದರೆ ಅದು ಕಾರಣ, ಆಗ ಲಾಭದಲ್ಲಿದ್ದರೂ ಮಾರಿ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟ ಷೇರಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ದಾಟಿದ್ದಕ್ಕೆ 12.5% ತೆರಿಗೆ. ವರ್ಷದೊಳಗೆ ಮಾರಿದರೆ 20%. 2024ರ ಜುಲೈ 23ರಿಂದ ಈ ದರ ಜಾರಿಯಲ್ಲಿದೆ.

## ಕಂಡ ಕೂಡಲೇ ನಿಲ್ಲಬೇಕಾದ ಗುರುತುಗಳು

ಯಾರೋ ನಿಮ್ಮನ್ನು ಕೇಳದೆಯೇ ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸಿದ್ದಾರೆ. ಗುಂಪಿನಲ್ಲಿ ದಿನಾ ಲಾಭದ ಸ್ಕ್ರೀನ್‌ಶಾಟ್ ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿಲ್ಲದ ಆಪ್ ಹಾಕಿಕೊಳ್ಳಲು ಲಿಂಕ್ ಕಳಿಸುತ್ತಾರೆ. ದುಡ್ಡನ್ನು ಯಾವುದೋ ವ್ಯಕ್ತಿಯ ಖಾತೆಗೆ ಹಾಕಿ ಅನ್ನುತ್ತಾರೆ. ಆಪ್‌ನಲ್ಲಿ ಲಕ್ಷಗಟ್ಟಲೆ ಲಾಭ ಕಾಣುತ್ತದೆ, ತೆಗೆಯಲು ಹೋದರೆ ಮೊದಲು "ತೆರಿಗೆ" ಕಟ್ಟಿ ಅನ್ನುತ್ತಾರೆ. ಅದು ಶುದ್ಧ ಮೋಸ, ಒಂದು ರೂಪಾಯಿಯೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಟೆಗಳ ಲೆಕ್ಕದಲ್ಲಿ ಹೇಳಿದರೆ ದುಡ್ಡನ್ನು ತಡೆಹಿಡಿಯುವ ಅವಕಾಶ ಇರುತ್ತದೆ.

ಸಲಹೆ ಕೊಡುವವರು ಯಾರೇ ಆಗಲಿ, ನೆಂಟರೇ ಆಗಲಿ, ಸೆಬಿ ನೋಂದಣಿ ಸಂಖ್ಯೆ ಕೇಳಿ. ಹೂಡಿಕೆ ಸಲಹೆಗಾರರದ್ದು ಐಎನ್‌ಎ ಅಂತ, ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್ ಅಂತ ಶುರುವಾಗುತ್ತದೆ. ಆ ಸಂಖ್ಯೆಯನ್ನು ಸೆಬಿ ತಾಣದಲ್ಲಿ ಹಾಕಿ ಹೆಸರು ಹೊಂದುತ್ತದಾ ನೋಡಿ. ಎರಡು ನಿಮಿಷದ ಕೆಲಸ.

ಗೌಡರು ಹೋಗುವಾಗ ಅಂಗಡಿಯಲ್ಲಿ ನಿಂತು ಒಂದು ನೋಟ್‌ಬುಕ್ ತಗೊಂಡರು. ಈ ಭಾನುವಾರ ಫೋನ್ ಮಾಡಿದ್ದರು. ಹನ್ನೊಂದರಲ್ಲಿ ನಾಲ್ಕು ಕಂಪನಿಗೆ ಐದು ವರ್ಷದ ಲಾಭ ಮತ್ತು ನಗದು ಬರೆದು ಮುಗಿಸಿದ್ದಾರಂತೆ. ಮಿಕ್ಕ ಏಳನ್ನು ಕಟಾವು ಮುಗಿದ ಮೇಲೆ ಬರೆಯುತ್ತೇನೆ, ಅಲ್ಲೀವರೆಗೂ ಹೊಸದು ಏನೂ ಕೊಳ್ಳುವುದಿಲ್ಲ ಅಂದರು.